ಕೊಂಡ ಆಟ ಯಾರದು?

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಈ ಅಂಕಣ ಒಂದು ವಿನೋದದ ವಸ್ತು. ಸಂಸ್ಕೃತ ವಿಭಾಗದ ಹಿರಿಯರೊಬ್ಬರು ಮೊನ್ನೆ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು, “ಏನಯ್ಯಾ, ಹಗಲೆಲ್ಲ ಪಂಪನ ಪಾಠ, ರಾತ್ರಿಯೆಲ್ಲ ಆಟ! ಪಗಡೆಯಿಂದ ಧರ್ಮರಾಯನಿಗೆ ಏನಾಯಿತೆಂದು ಹುಡುಗರಿಗೆ ಹೇಳಿಕೊಡುವವನು ನೀನೇ ಅಲ್ಲವೆ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಡುವುದು ಬೇರೆ, ಪಣವೊಡ್ಡುವುದು ಬೇರೆ ಎಂದು ಈಗ ಸರ್ಕಾರವೇ ಒಪ್ಪಿದೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಸ್ಪರ್ಧೆಯ ಇ-ಕ್ರೀಡೆಗಳನ್ನೂ ಮನೋರಂಜನೆಯ ಆಟಗಳನ್ನೂ ಅವುಗಳಿಂದ ಬೇರ್ಪಡಿಸಿ ಗುರುತಿಸಿತು. ನಾನು ಪಣಕ್ಕಿಡುವುದು ನಿದ್ರೆಯೊಂದನ್ನೇ. ಆದರೆ ಏನನ್ನೂ ಪಣಕ್ಕಿಡದವನು ಕೂಡ ಸೋಲಬಹುದೆಂಬುದು ಈ ತಿಂಗಳು ನನಗೆ ತಿಳಿಯಿತು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು, ವಾಡಿಕೆಯಂತೆ, ಆಡಿದ ಆಟಗಳ ಮಾತು.

ತಿಂಗಳ ಮೊದಲ ವಾರ ನಮ್ಮ ಮನೆಯಲ್ಲಿ ನಡೆದದ್ದು ‘ವೆಣ್ಬಾ’. ವೆಣ್ಬಾ ಎಂಬುದು ತಮಿಳಿನ ಪ್ರಾಚೀನ ಛಂದಸ್ಸೊಂದರ ಹೆಸರು. ಇಲ್ಲಿ ಅದು ಕಥಾನಾಯಿಕೆಯ ಹೆಸರು. ಕೆನಡದ ಟೊರಾಂಟೊ ನಗರದ ವಿಸೈ ಗೇಮ್ಸ್ ಎಂಬ ಸಣ್ಣ ಸಂಸ್ಥೆ 2023ರಲ್ಲಿ ಇದನ್ನು ಹೊರತಂದಿತು. ಬ್ರಿಟನ್ನಿನ ಬಾಫ್ಟಾ ಸಂಸ್ಥೆ 2024ರಲ್ಲಿ ಚೊಚ್ಚಲ ಕೃತಿಗೆ ಕೊಡುವ ಪ್ರಶಸ್ತಿಯನ್ನು ಇದಕ್ಕೇ ಕೊಟ್ಟಿತು. ಇದರಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ತಮಿಳುನಾಡಿನಿಂದ ಕೆನಡಕ್ಕೆ ಹೋಗಿ ನೆಲೆಸಿದ ದಂಪತಿಗಳು, ಅಲ್ಲಿಯೇ ಬೆಳೆದು ತಾಯಿನುಡಿಯಿಂದ ದೂರ ಸರಿಯುವ ಮಗ, ತಾಯಿಯ ಮನೆಯಿಂದ ಬಂದ ಒಂದು ಹಳೆಯ ಅಡುಗೆಯ ಪುಸ್ತಕ, ಇಷ್ಟೇ ಬಂಡವಾಳ. ಪುಸ್ತಕದ ಹಾಳೆಗಳು ಹರಿದಿವೆ, ಅಕ್ಷರಗಳು ಅಳಿಸಿಹೋಗಿವೆ. ಅಳಿದ ಸಾಲುಗಳನ್ನು ಊಹಿಸಿ ಅಡುಗೆಯನ್ನು ಪೂರೈಸುವುದೇ ಆಟ.

ಇಡ್ಲಿಯ ಪ್ರಕರಣದಲ್ಲಿ ನಾನು ಪಾತ್ರೆಗೆ ತಟ್ಟೆಗಳನ್ನು ಜೋಡಿಸತೊಡಗಿದಾಗ ನನ್ನಾಕೆ ಹಿಂದಿನಿಂದ, “ಒಂದು ತಟ್ಟೆಯ ಗುಳಿಯ ನೇರಕ್ಕೆ ಇನ್ನೊಂದರ ಗುಳಿ ಬರಬಾರದು, ರೀ. ಹಿಟ್ಟು ಎಲ್ಲಿ ಉಬ್ಬಬೇಕು?” ಎಂದಳು. ಹದಿಮೂರು ವರ್ಷಗಳಿಂದ ಆಕೆ ಮಾಡಿದ ಇಡ್ಲಿಯನ್ನು ತಿನ್ನುತ್ತಿದ್ದರೂ ಈ ರಹಸ್ಯ ನನಗೆ ಗೊತ್ತಿರಲಿಲ್ಲ. ಎರಡು ಗಂಟೆಯೊಳಗೆ ಮುಗಿಯುವ ಆಟವಿದು. ಬೆಳೆದ ಮಗ ಆ ಪುಸ್ತಕದ ಬಳಿಗೆ ಮರಳುವ ಭಾಗ ಬಂದಾಗ ನಮ್ಮ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಹರಿದದ್ದಾದರೂ ಸರಿ, ಪುಸ್ತಕವೊಂದು ಉಳಿದಿದ್ದರಿಂದ ತಾನೆ ಅವನಿಗೆ ಮರಳಲು ದಾರಿಯಾಯಿತು!

ಎರಡನೆಯದು ನನ್ನ ಬಾಲ್ಯದ ಆಟ, ‘ಪ್ರಿನ್ಸ್ ಆಫ್ ಪರ್ಷಿಯಾ’. ಸೋದರಮಾವನ ಕಚೇರಿಯ ಕಂಪ್ಯೂಟರಿನಲ್ಲಿ, ಗುಮಾಸ್ತರು ಊಟಕ್ಕೆ ಎದ್ದ ಮುಕ್ಕಾಲು ಗಂಟೆಯಲ್ಲಿ ನಾನೂ ತಮ್ಮನೂ ಸರದಿಯಂತೆ ಆಡುತ್ತಿದ್ದೆವು. ಸೆರೆಮನೆಯಿಂದ ಹೊರಟು ರಾಜಕುಮಾರಿಯನ್ನು ಬಿಡಿಸಲು ಆಟದಲ್ಲಿ ಅರವತ್ತು ನಿಮಿಷಗಳ ಗಡುವು. ಗುಮಾಸ್ತರ ಗಡುವು ಅದಕ್ಕಿಂತ ಕಡಿಮೆಯಾದ್ದರಿಂದ ರಾಜಕುಮಾರಿಗೆ ನಮ್ಮಿಂದ ಎಂದೂ ಬಿಡುಗಡೆಯಾಗಲಿಲ್ಲ.

ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ಯುವಕ ವರ್ಷಗಟ್ಟಲೆ ದುಡಿದು 1989ರಲ್ಲಿ ಹೊರತಂದ ಕೃತಿಯಿದು. ತನ್ನ ತಮ್ಮನಿಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ನೆಗೆಸಿ ಚಿತ್ರೀಕರಿಸಿ, ಆ ಚಲನೆಯನ್ನೇ ಒಂದೊಂದು ಭಂಗಿಯಾಗಿ ಎತ್ತಿ ರಾಜಕುಮಾರನಿಗೆ ಕೊಟ್ಟನು. ಆದ್ದರಿಂದಲೇ ಅಂಚನ್ನು ಹಿಡಿದು ತೂಗುವ ಆ ಪುಟ್ಟ ಬೊಂಬೆಯಲ್ಲಿ ಇಂದಿಗೂ ಜೀವದ ಭಾರ ಕಾಣುತ್ತದೆ. ಮೂಲ ಆಟದ ಬರವಣಿಗೆ, ಎಂದರೆ ಯಂತ್ರಕ್ಕೆ ಬರೆದ ಆಜ್ಞೆಗಳ ಮೂಲಪ್ರತಿ, ಬಹುಕಾಲ ಕಳೆದುಹೋಗಿತ್ತು. 2012ರಲ್ಲಿ ಮೆಕ್ನರನ ತಂದೆಗೆ ಮನೆಯ ಹಳೆಯ ಸಾಮಾನಿನ ನಡುವೆ ಫ್ಲಾಪಿಗಳ ಪೆಟ್ಟಿಗೆಯೊಂದು ಸಿಕ್ಕಿತು. ಹಳೆಯ ಯಂತ್ರಗಳನ್ನು ಬಲ್ಲವರು ಅದರಿಂದ ಬರವಣಿಗೆಯನ್ನು ಎತ್ತಿಕೊಟ್ಟರು. ಆತ ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದನು. ಈ ತಿಂಗಳು ನಾನು ಆಡಿದ್ದು ಇಂದಿನ ಕಂಪ್ಯೂಟರಿನಲ್ಲಿ, ಹಳೆಯ ಯಂತ್ರದ ಸೋಗು ಹಾಕುವ ತಂತ್ರಾಂಶವೊಂದರ ಸಹಾಯದಿಂದ. ಮಗಳು ನನಗಿಂತ ಚುರುಕು. ರಾಜಕುಮಾರಿ ಕಡೆಗೂ ಬಿಡುಗಡೆಯಾದಳು.

ಇನ್ನು ನನ್ನ ಸೋಲಿನ ಕಥೆ.

ನನ್ನ ತಮ್ಮ ಏಳು ವರ್ಷಗಳಿಂದ ಜರ್ಮನಿಯಲ್ಲಿದ್ದಾನೆ. ದೂರದಲ್ಲಿರುವ ಅಣ್ಣತಮ್ಮಂದಿರಿಗೆ ಫೋನಿನಲ್ಲಿ ಎಷ್ಟು ಮಾತು ಇದ್ದೀತು? ಊಟವಾಯಿತೆ, ಚಳಿ ಹೇಗಿದೆ, ಅಮ್ಮನ ಮಂಡಿನೋವು ಹೇಗಿದೆ. ಅಷ್ಟರಲ್ಲಿ ಮಾತು ಮುಗಿಯುತ್ತದೆ. ಆದ್ದರಿಂದ ಪ್ರತಿ ಭಾನುವಾರ ಸಂಜೆ ನಾವಿಬ್ಬರೂ ಒಂದು ಆಟದಲ್ಲಿ ಕೂಡುತ್ತಿದ್ದೆವು. ದ್ವೀಪವೊಂದರಲ್ಲಿ ಹಲವರು ಸೇರಿ ಮನೆ ಕಟ್ಟುವ, ಹೊಲ ಬೆಳೆಯುವ ಆಟವದು. ಆಡುತ್ತ ಆಡುತ್ತ, ಫೋನಿನಲ್ಲಿ ಬಾರದ ಮಾತುಗಳು ತಾವಾಗಿಯೇ ಬರುತ್ತಿದ್ದವು.

ತಂದೆಯವರು ತೀರಿಕೊಂಡಾಗ ಅವನಿಗೆ ಸಮಯಕ್ಕೆ ಬರಲಾಗಲಿಲ್ಲ. ಅದಾದ ಕೆಲವು ವಾರಗಳ ಮೇಲೆ ಆ ದ್ವೀಪದಲ್ಲಿ ಒಂದು ಹೊಸ ಮನೆ ಎದ್ದಿತು. ನಮ್ಮ ಊರಿನ ಮನೆಯದೇ ಅಚ್ಚು: ಅದೇ ಜಗಲಿ, ಅದೇ ಪಡಸಾಲೆ, ಹಿತ್ತಿಲಿನಲ್ಲಿ ಬಾವಿ. ಆಟದಲ್ಲಿ ತೆಂಗಿನಮರವಿರಲಿಲ್ಲ, ಅದನ್ನು ಹೋಲುವ ಇನ್ನೇನನ್ನೋ ನೆಟ್ಟಿದ್ದನು. ಬಾಗಿಲ ಮೇಲಿನ ಹಲಗೆಯಲ್ಲಿ ತಂದೆಯವರ ಹೆಸರು ಬರೆದಿದ್ದನು. ಅದನ್ನು ಕುರಿತು ಅವನೂ ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ನಮ್ಮ ಭೇಟಿ ಆ ಜಗಲಿಯ ಮೇಲೆ.

ಈಚೆಗೆ ಕಂಪನಿಯವರ ನಾಲ್ಕು ಸಾಲಿನ ಪ್ರಕಟಣೆ ಬಂದಿತು. ಇಂಥ ದಿನದಿಂದ ಸೇವೆಯನ್ನು ನಿಲ್ಲಿಸಲಾಗುವುದು, ಇದುವರೆಗೆ ಆಡಿದ್ದಕ್ಕೆ ವಂದನೆಗಳು, ಕೊಟ್ಟ ಹಣ ಹಿಂದಿರುಗುವುದಿಲ್ಲ. ಕಂಪನಿಯ ಹೆಸರೆತ್ತಿ ಜಗಳಕ್ಕೆ ಹೋಗಲಾರೆ. ಆ ರಾತ್ರಿ ನಾವಿಬ್ಬರೂ ಜಗಲಿಯ ಮೇಲೆ ಕುಳಿತಿದ್ದಂತೆಯೇ ಪರದೆ ಕಪ್ಪಾಗಿ, ಸಂಪರ್ಕ ಸಾಧ್ಯವಿಲ್ಲವೆಂಬ ಒಂದು ವಾಕ್ಯ ಮೂಡಿತು. ಪಕ್ಕದಲ್ಲಿದ್ದ ಮಗಳು ಕೇಳಿದಳು: “ದುಡ್ಡು ಕೊಟ್ಟು ಕೊಂಡಿದ್ದೆವಲ್ಲ ಅಪ್ಪ, ಅವರು ಹೇಗೆ ಕಿತ್ತುಕೊಳ್ಳುತ್ತಾರೆ?”

ಈ ಪ್ರಶ್ನೆಯನ್ನೇ ಈಗ ಜಗತ್ತಿನಲ್ಲಿ ಲಕ್ಷಾಂತರ ಮಂದಿ ಕೇಳುತ್ತಿದ್ದಾರೆ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ‘ದಿ ಕ್ರ್ಯೂ’ ಎಂಬ ಮೋಟಾರು ಪಂದ್ಯದ ಆಟವನ್ನು ಮಾರಾಟಕ್ಕಿಟ್ಟಿತು. ಒಬ್ಬನೇ ಆಡಿದರೂ ಅದಕ್ಕೆ ಕಂಪನಿಯ ಸರ್ವರಿನ ಸಂಪರ್ಕ ಬೇಕು. 2024ರ ಮಾರ್ಚ್ 31ರಂದು ಸರ್ವರನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಡಿಸ್ಕ್ ಕೊಂಡಿದ್ದವನ ಕೈಯಲ್ಲಿಯೂ ಉಳಿದದ್ದು ಬರಿಯ ಬಿಲ್ಲೆ. ಇದರಿಂದ ಕೆರಳಿದ ರಾಸ್ ಸ್ಕಾಟ್ ಎಂಬವರು ಅದೇ ಏಪ್ರಿಲಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿಯನ್ನು ಆರಂಭಿಸಿದರು. ಐರೋಪ್ಯ ಒಕ್ಕೂಟದ ಮುಂದಿಡುವ ನಾಗರಿಕರ ಮನವಿಗೆ ಹತ್ತು ಲಕ್ಷ ಸಹಿಗಳು ಬೇಕು. 2025ರ ಜುಲೈ ತಿಂಗಳಲ್ಲಿ ಆ ಸಂಖ್ಯೆ ದಾಟಿತು. ಹಾಗೆಂದು ಆಟಗಳು ಆರುವುದು ನಿಂತಿಲ್ಲ. 2019ರಲ್ಲಿ ಬಹಳ ಆಡಂಬರದಿಂದ ಬಂದ ‘ಆಂಥಮ್’ ಎಂಬ ಆಟದ ಸರ್ವರುಗಳನ್ನು 2026ರ ಜನವರಿ 12ರಂದು ಮುಚ್ಚಿದರು.

ಇದರ ಮರ್ಮ ಸರಳವಾದದ್ದು. ಇಂಥ ಆಟಗಳಲ್ಲಿ ನಮ್ಮ ಯಂತ್ರಕ್ಕೆ ಬರುವುದು ಅರ್ಧ ಮಾತ್ರ. ದ್ವೀಪವೂ ಅದರ ಮನೆಗಳೂ ಇರುವುದು ಕಂಪನಿಯ ಯಂತ್ರದಲ್ಲಿ. ನಾವು ಕೊಳ್ಳುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು. ಇದನ್ನು ಮುಚ್ಚಿಡಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2025ರ ಆರಂಭದಿಂದ ಅಲ್ಲಿಯ ಅಂಗಡಿಗಳು ‘ಕೊಳ್ಳಿ’ ಎಂದು ಬರೆಯಬೇಕಾದರೆ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಬೇಕು. ಆದರೆ ಬಾಡಿಗೆಯ ಮನೆಗೆ ‘ಬಾಡಿಗೆಗಿದೆ’ ಎಂದು ಫಲಕ ತೂಗಿಸಿದ ಮಾತ್ರಕ್ಕೆ ಬಾಡಿಗೆದಾರನ ಕಷ್ಟ ತೀರುವುದೆ?

ಕಂಪನಿಗಳ ಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ಸರ್ವರ್ ನಡೆಸುವುದಕ್ಕೆ ಖರ್ಚಿದೆ. ಆಡುವವರು ಬೆರಳೆಣಿಕೆಯಷ್ಟಾದಾಗ ಅಂಗಡಿ ತೆರೆದಿಡೆಂದರೆ ಹೇಗೆ? ಆಟವನ್ನು ಜನರ ಕೈಗೆ ಒಪ್ಪಿಸಿದರೆ ಅಲ್ಲಿ ನಡೆಯುವ ಅಕ್ರಮಗಳಿಗೆ ಹೊಣೆ ಯಾರು? ಈ ಪ್ರಶ್ನೆಗಳಲ್ಲಿ ತಿರುಳಿದೆ. ಆದರೆ ಚಳವಳಿಗಾರರು ಅಂಗಡಿಯನ್ನು ಎಂದೆಂದಿಗೂ ತೆರೆದಿಡಿ ಎಂದು ಹೇಳುತ್ತಿಲ್ಲ. ಮುಚ್ಚುವಾಗ ಬೀಗದ ಕೈಯನ್ನು ಕೊಂಡವನಿಗೆ ಬಿಟ್ಟು ಹೋಗಿ ಎನ್ನುತ್ತಾರೆ. ಸರ್ವರಿಲ್ಲದೆಯೂ ಆಡುವಂತೆ ಒಂದು ಏರ್ಪಾಡು ಮಾಡಿ ಹೋಗಿ ಎಂದಷ್ಟೇ ಅವರ ಬೇಡಿಕೆ. ಆಟವನ್ನು ಕಟ್ಟುವಾಗಲೇ ಅದರ ಕೊನೆಯನ್ನೂ ಯೋಚಿಸಿದರೆ ಇದು ಅಸಾಧ್ಯವಲ್ಲವೆಂದು ನನ್ನ ನಂಬಿಕೆ.

ಮಾರನೆಯ ದಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮುಖವನ್ನು ಕಂಡು ಸಂಸ್ಕೃತದ ಹಿರಿಯರು ಕಾರಣ ಕೇಳಿದರು. ಹೇಳಿದೆ. ಈ ಸಲ ಅವರು ನಗಲಿಲ್ಲ.

“ಪ್ರತಿಯೊಂದನ್ನು ಮಾಡಿ ಇಟ್ಟುಕೊಳ್ಳಬಾರದಾಗಿತ್ತೆ?” ಎಂದರು.

“ಪ್ರತಿ ಮಾಡುವಂತಿಲ್ಲ ಸರ್, ಮೂಲ ಅವರ ಬಳಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕೌಟಿಲ್ಯನ ಅರ್ಥಶಾಸ್ತ್ರವನ್ನು ಜನ ಕಳೆದೇಹೋಯಿತೆಂದು ತಿಳಿದಿದ್ದರು. 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗಳ ಕಟ್ಟಿನಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅಚ್ಚಾಯಿತು. ಯಾರೋ ಪುಣ್ಯಾತ್ಮ ಪ್ರತಿ ಮಾಡಿದ್ದ, ಯಾರೋ ಜೋಪಾನ ಮಾಡಿದ್ದ. ಓಲೆಯೇ ಇಲ್ಲದಿದ್ದರೆ ಶಾಸ್ತ್ರಿಗಳು ತಾನೆ ಏನು ಮಾಡುತ್ತಿದ್ದರು?”

ಆಟಕ್ಕೂ ಅರ್ಥಶಾಸ್ತ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ಇಂದು ಹಗುರವೆನಿಸಿದ್ದು ನಾಳೆ ಒಂದು ಕಾಲದ ಸಾಕ್ಷಿಯಾಗುತ್ತದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಸಂಶೋಧಕರು ಇಂಥ ಆಟಗಳನ್ನು ಗ್ರಂಥಾಲಯಗಳಿಂದ ಮನೆಗೇ ತರಿಸಿಕೊಂಡು ನೋಡಲು ಅವಕಾಶವಿರಲೆಂದು ಕೇಳಿದ್ದನ್ನು ಅಲ್ಲಿಯ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಮೆಕ್ನರನ ಮನೆಯಲ್ಲಿ ಒಂದು ಪೆಟ್ಟಿಗೆಯಾದರೂ ಇತ್ತು. ಸರ್ವರಿನಲ್ಲಿಯೇ ಹುಟ್ಟಿ ಸರ್ವರಿನಲ್ಲಿಯೇ ಸಾಯುವ ಆಟಕ್ಕೆ ಅದೂ ಇಲ್ಲ.

ಮಕ್ಕಳಿಗೆ ಆಟ ಕೊಡಿಸುವ ತಂದೆತಾಯಿಗಳು ಬೆಲೆಯ ಜತೆಗೆ ಇನ್ನೊಂದು ಮಾತನ್ನು ವಿಚಾರಿಸುವುದು ಒಳ್ಳೆಯದು: ಅಂತರಜಾಲವಿಲ್ಲದೆ ಇದನ್ನು ಆಡಬಹುದೆ? ಪೋಲೆಂಡಿನ ಜಿಓಜಿಯಂಥ ಮಳಿಗೆಗಳು ಬೀಗವಿಲ್ಲದ ಪ್ರತಿಯನ್ನೇ ಕೊಡುತ್ತವೆ. ಅದನ್ನು ನಮ್ಮ ಯಂತ್ರದಲ್ಲಿ ಕಾಪಿಟ್ಟುಕೊಳ್ಳಬಹುದು. ಆಯ್ಕೆಯಿರುವಲ್ಲಿ ಅಂಥದನ್ನೇ ಆರಿಸಿಕೊಳ್ಳುವುದು ಜಾಣತನ.

ನಮ್ಮ ಅಮ್ಮ ವಾರಪತ್ರಿಕೆಗಳ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಕಾದಂಬರಿ ಮುಗಿದ ಮೇಲೆ ದಪ್ಪ ದಾರದಿಂದ ಹೊಲಿದು ರಟ್ಟು ಹಾಕುತ್ತಿದ್ದರು. ಆ ಪತ್ರಿಕೆಗಳಲ್ಲಿ ಕೆಲವು ನಿಂತುಹೋಗಿ ಎಷ್ಟೋ ಕಾಲವಾಯಿತು. ಕಥೆಗಳು ಮಾತ್ರ ನಮ್ಮ ಟ್ರಂಕಿನಲ್ಲಿ ಹಾಗೆಯೇ ಇವೆ. ಕಳೆದ ಭಾನುವಾರ ತಮ್ಮ ಒಂದು ಚಿತ್ರ ಕಳುಹಿಸಿದನು. ಕೊನೆಯ ದಿನ ಅವನು ಪರದೆಯಿಂದ ಹಿಡಿದಿಟ್ಟುಕೊಂಡಿದ್ದು: ಜಗಲಿ, ಬಾಗಿಲು, ಬಾಗಿಲ ಮೇಲೆ ಹಲಗೆ. “ಅಣ್ಣ, ಇದೊಂದೇ ಉಳಿದದ್ದು” ಎಂದು ಬರೆದಿದ್ದನು. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಬಾವಿ ಎಡಕ್ಕೆ ಇರಬೇಕಿತ್ತು” ಎಂದರು. ಆಮೇಲೆ ಟ್ರಂಕು ತೆಗೆದು, ರಟ್ಟು ಹಾಕಿದ ಕಾದಂಬರಿಯೊಂದರ ಹಾಳೆಗಳ ನಡುವೆ ಅದನ್ನಿಟ್ಟರು.