ಗೃಹೋಪಯೋಗಿ ವಿಚಾರಗಳು: ಅರ್ಧ ದುಡಿಯುವ ಕೇಬಲ್

ವೈಫೈ ಮನೆಮನೆಗೂ ಬಂದಿರುವ ಈ ಕಾಲದಲ್ಲಿಯೂ, ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸವನ್ನು ನಡೆಸುವ ಗೃಹಸ್ಥರು ರೌಟರಿನಿಂದ ತಮ್ಮ ಮೇಜಿನವರೆಗೆ ಕೇಬಲನ್ನೇ ಎಳೆಸಿಕೊಳ್ಳುವುದುಂಟು. ಅದು ಯುಕ್ತವೇ ಸರಿ. ಆದರೆ ಈ ಕೇಬಲಿಗೆ ಒಂದು ಗುಪ್ತವಾದ ರೋಗವುಂಟು. ಅದನ್ನರಿಯದೆ ಅನೇಕರು ವ್ಯರ್ಥವಾಗಿ ಹಣ ತೆರುತ್ತಿರುವುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ಪೂರ್ತಿಯಾಗಿ ತುಂಡಾದ ಕೇಬಲಿನಿಂದ ಮೋಸವಿಲ್ಲ. ಸಂಪರ್ಕವೇ ನಿಂತುಹೋಗಿ ದೋಷವು ಒಡನೆ ತಿಳಿಯುವುದು. ಅರ್ಧ ಕೆಟ್ಟುದೇ ಅಪಾಯಕರವಾದುದು. ಕೇಬಲಿನ ಹೊದಿಕೆಯೊಳಗೆ ಎಂಟು ಸಣ್ಣ ತಂತಿಗಳು ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿಗಳಾಗಿರುವುವು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿಗಳು ಸಾಕು. 1999ರಲ್ಲಿ ಗೊತ್ತುಮಾಡಿದ 1000 ಮೆಗಾಬಿಟ್ಟಿನ ಕ್ರಮಕ್ಕಾದರೋ ನಾಲ್ಕೂ ಬೇಕು. ಮಿಕ್ಕೆರಡು ಜೋಡಿಗಳಲ್ಲಿ ಒಂದೇ ಎಳೆ ಮುರಿದರೂ ಯಂತ್ರಗಳು ಅನೇಕ ವೇಳೆ ತಮ್ಮೊಳಗೆ ಒಡಂಬಟ್ಟು 100ಕ್ಕೆ ಇಳಿದುಬಿಡುವುವು. ದೀಪ ಉರಿಯುತ್ತಿರುವುದು, ಕೆಲಸ ಸಾಗುತ್ತಿರುವುದು, ಮನೆಯವರಿಗೆ ಸಂದೇಹವೇ ಹುಟ್ಟದು.

ನಮ್ಮ ಪರಿಚಿತರೊಬ್ಬರು 300 ಮೆಗಾಬಿಟ್ಟಿಗೆಂದು ತಿಂಗಳು ತಿಂಗಳೂ ಹಣ ಕಟ್ಟುತ್ತ, 94ಕ್ಕಿಂತ ಹೆಚ್ಚನ್ನು ಕಾಣದೆ, ಇನ್ನೂ ದುಬಾರಿಯಾದ ಯೋಜನೆಗೆ ಸೇರಲು ಹೊರಟಿದ್ದರು. ಆ 94 ಎಂಬ ಅಂಕಿಯೇ ಸುಳಿವು. 100ರ ಸಂಪರ್ಕದಲ್ಲಿ ಸಾಗಣೆಯ ಮೇಲುಖರ್ಚು ಕಳೆದು ಕೈಗೆ ಸಿಕ್ಕುವುದು ಸುಮಾರಾಗಿ ಅಷ್ಟೇ. ಕಂಪ್ಯೂಟರಿನ ನೆಟ್‌ವರ್ಕ್ ವಿವರಗಳನ್ನು ತೆರೆದು ನೋಡಲಾಗಿ 'ಲಿಂಕ್ ಸ್ಪೀಡ್' 100 ಎಂದೇ ಇದ್ದಿತು. ಬೇರೊಂದು ಕೇಬಲನ್ನು ಸಿಕ್ಕಿಸಿದೊಡನೆ 1000 ಆಯಿತು. ಬಾಗಿಲ ಸಂದಿನಲ್ಲಿ ನಿತ್ಯವೂ ಜಜ್ಜಿಹೋಗುತ್ತಿದ್ದ ಹಳೆಯ ಕೇಬಲ್ ಒಳಗೊಳಗೇ ಮುರಿದಿದ್ದಿತು!

ಪರೀಕ್ಷಿಸುವವರು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಮೊದಲು ಪ್ಲಗ್ಗುಗಳು 'ಟಕ್' ಎಂದು ಕಚ್ಚಿಕೊಂಡಿವೆಯೇ ನೋಡಿ. ಬಳಿಕ ಕೇಬಲ್, ಅದರ ಬಳಿಕ ರೌಟರಿನ ಇನ್ನೊಂದು ಕಿಂಡಿ, ಕಡೆಗೆ ಇನ್ನೊಂದು ಕಂಪ್ಯೂಟರ್. ಕೆಲವು ಟಿ.ವಿ.ಗಳ ಮತ್ತು ಹಳೆಯ ರೌಟರುಗಳ ಕಿಂಡಿಗಳೇ 100ರವು. ಅವಕ್ಕೆ ಎಂಥ ಕೇಬಲ್ ತಂದರೂ ಪ್ರಯೋಜನವಿಲ್ಲ.

ಗೋಡೆಯೊಳಗೆ ಹುದುಗಿರುವ ಕೇಬಲಿಗೆ ಹೊಸ ಪ್ಲಗ್ಗು ಹಾಕಿಸುವಾಗ ಯಜಮಾನರು ಹತ್ತಿರ ನಿಂತಿರುವುದು ಮೇಲು. ಬಹುವಾಗಿ ರೂಢಿಯಲ್ಲಿರುವ ಬಣ್ಣದ ಕ್ರಮವಿದು: ಕಿತ್ತಳೆಗೆರೆಯ ಬಿಳಿ, ಕಿತ್ತಳೆ, ಹಸಿರುಗೆರೆಯ ಬಿಳಿ, ನೀಲಿ, ನೀಲಿಗೆರೆಯ ಬಿಳಿ, ಹಸಿರು, ಕಂದುಗೆರೆಯ ಬಿಳಿ, ಕಂದು. ಹಸಿರಿನ ಜೋಡಿಯ ನಡುವೆ ನೀಲಿಯದು ಬಂದು ಕುಳಿತಿರುವುದನ್ನು ಕಂಡು, ಇದು ಅಂದವಲ್ಲವೆಂದು ಕೆಲವರು ಜೋಡಿಜೋಡಿಯನ್ನೂ ಪಕ್ಕಪಕ್ಕಕ್ಕೆ ತರುವರು. ಎರಡು ತುದಿಗಳಲ್ಲಿಯೂ ಹಾಗೆಯೇ ಮಾಡಿದರೆ ಕೇಬಲ್ ಪರೀಕ್ಷಿಸುವ ಅಗ್ಗದ ಪೆಟ್ಟಿಗೆಯಲ್ಲಿ ಎಂಟು ದೀಪಗಳೂ ಕ್ರಮವಾಗಿಯೇ ಉರಿಯುವುವು. ಕೆಲಸಗಾರನು ಕೂಲಿ ತೆಗೆದುಕೊಂಡು ಹೋಗುವನು. ಸಂಪರ್ಕ ಮಾತ್ರ ತಡವರಿಸುತ್ತಲೇ ಇರುವುದು. ಒಂದೇ ಸಂಕೇತವನ್ನು ಹೊರುವ ಎರಡು ಎಳೆಗಳು ಒಂದೇ ಹುರಿಯಲ್ಲಿದ್ದರೆ ಮಾತ್ರ ಪಕ್ಕದ ಜೋಡಿಗಳ ಸದ್ದು ಅವಕ್ಕೆ ತಾಕದು. ಇಲ್ಲಿಯೋ ಹುರಿಯ ಆ ಕಾವಲೇ ತಪ್ಪಿರುವುದು. ಪ್ಲಗ್ಗಿನ ಬಳಿಯಲ್ಲಿಯೂ ಅರ್ಧ ಅಂಗುಲಕ್ಕಿಂತ ಹೆಚ್ಚಾಗಿ ಹುರಿ ಬಿಚ್ಚಗೊಡಬೇಡಿ.

ಹೊಸ ಕೇಬಲನ್ನು ಕೊಳ್ಳುವಾಗ ಅಪ್ಪಟ ತಾಮ್ರದ್ದನ್ನೇ ಕೇಳಿರಿ. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯು ಅಗ್ಗವಾದರೂ ಬಾಗಿದೆಡೆಯಲ್ಲಿ ಬೇಗ ಮುರಿಯುವುದು. ಎಳೆಯೊಂದರ ತುದಿಯನ್ನು ಚೂರಿಯಿಂದ ಕೆರೆದು ನೋಡಿ; ಒಳಗೆ ಬೆಳ್ಳಗಿದ್ದರೆ ಹಿಂದಿರುಗಿಸಿಬಿಡಿ.