ಡ್ರೈಯರ್ ಬಿಸಿ ಆಯ್ತು ಅಂದ್ರೆ ಕೆಲಸ ಮುಗೀತಾ? (ಲಾಂಡ್ರಿ ಸರಣಿ, ಭಾಗ 4)

ಆಸ್ಪತ್ರೆ, ಹೋಟೆಲ್ ಲಾಂಡ್ರಿಗಳಲ್ಲಿ ದೊಡ್ಡ ಸ್ಟೀಮ್ ಡ್ರೈಯರ್ ಕೂರಿಸ್ತಾರಲ್ಲ, ವಾಲ್ವ್ ತೆಗೆದು ಡ್ರಮ್ ಬಿಸಿ ಆದ ತಕ್ಷಣ ಎಷ್ಟೋ ಕಡೆ ಸಹಿ ಬಿದ್ದೇಬಿಡುತ್ತೆ. ನನ್ನ ಪ್ರಕಾರ ಆಗ ಮುಗಿದಿರೋದು ಅರ್ಧ ಕೆಲಸ. ಸ್ಟೀಮ್ ಒಳಗೆ ಬಿಡೋದು ಸುಲಭ. ನೀರನ್ನ ಹೊರಗೆ ಕಳಿಸೋದೇ ನಿಜವಾದ ಫಿಟ್ಟಿಂಗ್.

ಲೆಕ್ಕ ನೋಡಿ. 7 ಬಾರ್ ಗೇಜ್ ಒತ್ತಡದ ಸ್ಟೀಮ್ ಸುಮಾರು 170 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಅದರ ಒಂದು ಕೆಜಿ ನೀರಾಗುವಾಗ ಸುಮಾರು 2,050 ಕಿಲೋಜೌಲ್ ಶಾಖ ಬಿಡುತ್ತೆ. ಬಟ್ಟೆ ಒಣಗಿಸೋದು ಈ ಶಾಖವೇ. ಆದ ನೀರು ಕಾಯಿಲ್‌ನಲ್ಲೇ ನಿಂತರೆ ಹೊಸ ಸ್ಟೀಮ್‌ಗೆ ಜಾಗ ಎಲ್ಲಿ?

ಅದಕ್ಕೇ ಈ ನಾಲ್ಕನ್ನ ಬಿಡಬೇಡಿ:

1. ಮೇನ್ ಲೈನಿನ ಮೇಲ್ಭಾಗದಿಂದ ಸ್ಟೀಮ್ ತಗೊಳ್ಳಿ. ಕೆಳಗಿಂದ ತಗೊಂಡ್ರೆ ನೀರೂ ಕಸವೂ ಜೊತೆಗೆ ಬರುತ್ತೆ.
2. ಸ್ಟೀಮ್ ಹರಿಯೋ ದಿಕ್ಕಿಗೇ ಪೈಪ್ ಸ್ವಲ್ಪ ಇಳಿಜಾರಾಗಿರಲಿ.
3. ಕಾಯಿಲ್‌ಗಿಂತ ಕೆಳಗೆ ಸ್ಟೀಮ್ ಟ್ರ್ಯಾಪ್, ಅದಕ್ಕೆ ಮುಂಚೆ ಸ್ಟ್ರೈನರ್, ಆಮೇಲೆ ಚೆಕ್ ವಾಲ್ವ್.
4. ಯಂತ್ರ ಅಲ್ಲಾಡುತ್ತೆ. ಪೈಪಿಗೂ ಅದಕ್ಕೂ ನಡುವೆ ಸ್ಟೀಮ್‌ಗೆ ಅಂತಲೇ ಮಾಡಿದ ಫ್ಲೆಕ್ಸಿಬಲ್ ಹೋಸ್ ಇರಲಿ.

"ಎರಡು ಡ್ರೈಯರ್‌ಗೆ ಒಂದೇ ಟ್ರ್ಯಾಪ್ ಸಾಕು, ದುಡ್ಡು ಉಳಿಯುತ್ತೆ" ಅನ್ನೋರು ಸಿಗ್ತಾರೆ. ಒಪ್ಪಬೇಡಿ. ಎರಡರ ಒತ್ತಡ ಯಾವಾಗಲೂ ಒಂದೇ ಇರಲ್ಲ. ಒತ್ತಡ ಜಾಸ್ತಿ ಇರೋ ಕಾಯಿಲ್ ಇನ್ನೊಂದರ ನೀರಿಗೆ ಅಡ್ಡ ನಿಲ್ಲುತ್ತೆ. ಬ್ಯಾಚ್ ಬೇಗ ಒಣಗಲ್ಲ, "ಬಾಯ್ಲರ್ ಪ್ರೆಷರ್ ಏರಿಸಿ" ಅಂತಾರೆ, ಇಂಧನ ಸುಮ್ಮನೆ ಉರಿಯುತ್ತೆ. ಟ್ರ್ಯಾಪಿನಲ್ಲಿ ಉಳಿಸಿದ ದುಡ್ಡು ಹೋಗೋದು ಹೀಗೆ.

ಇನ್ನೊಂದು, ಟ್ರ್ಯಾಪ್ ಆದ ಮೇಲೆ ಪೈಪನ್ನ ಮೇಲಕ್ಕೆ ಎತ್ತಿದ್ರೆ ಎಚ್ಚರ. ಸ್ಟೀಮ್ ವಾಲ್ವ್ ಮುಚ್ಚಿದಾಗ ನೀರನ್ನ ಮೇಲೆ ತಳ್ಳೋಕೆ ಒತ್ತಡವೇ ಇರಲ್ಲ. ಮುಂದಿನ ಬ್ಯಾಚಿನ ಸ್ಟೀಮ್ ಆ ನಿಂತ ನೀರನ್ನ ಗುದ್ದುತ್ತೆ. "ಢಬ್ ಢಬ್" ಅಂತ ಕೇಳಿಸೋದು ಆ ವಾಟರ್ ಹ್ಯಾಮರ್. ಜಾಯಿಂಟ್ ಕಿತ್ತರೆ ಸುಡೋದು ಪಕ್ಕದಲ್ಲಿ ಬಟ್ಟೆ ಮಡಚ್ತಾ ನಿಂತವರ ಕೈ, ಮುಖ.

ಕಂಪ್ರೆಸ್ಡ್ ಏರ್ ಲೈನಲ್ಲೂ ಶತ್ರು ನೀರೇ. ಎಷ್ಟೋ ಡ್ರೈಯರ್‌ಗಳಲ್ಲಿ ಡ್ಯಾಂಪರ್, ಸ್ಟೀಮ್ ವಾಲ್ವ್ ತೆರೆದು ಮುಚ್ಚೋದು ಗಾಳಿ. ಗಾಳಿಯಲ್ಲಿ ನೀರಿದ್ರೆ ತುಕ್ಕು ಹಿಡಿಯುತ್ತೆ, ವಾಲ್ವ್ ಸಿಕ್ಕಿಕೊಳ್ಳುತ್ತೆ. ಇಲ್ಲೂ ಲೈನಿನ ಮೇಲಿಂದಲೇ ತಗೊಳ್ಳಿ, ಯಂತ್ರದ ಹತ್ತಿರ ಫಿಲ್ಟರ್, ರೆಗ್ಯುಲೇಟರ್, ಡ್ರೈನ್ ಹಾಕಿ. ಅಗ್ಗ ಅಂತ ಪಿವಿಸಿ ಪೈಪ್ ಮಾತ್ರ ಬೇಡವೇ ಬೇಡ. ಒಡೆದರೆ ಚೂರುಗಳು ಚಾಕುವಿನ ಹಾಗೆ ಹಾರುತ್ತವೆ.

ಕಾನೂನೂ ಗೊತ್ತಿರಲಿ. ಒತ್ತಡ ಚದರ ಸೆಂ.ಮೀ.ಗೆ 3.5 ಕೆಜಿ ಮೀರಿದ ಸ್ಟೀಮ್ ಪೈಪ್ ಸಾಮಾನ್ಯವಾಗಿ ಬಾಯ್ಲರ್ ಕಾನೂನಿನಡಿ ಬರುತ್ತೆ. ಪೈಪಿಗೂ ವೆಲ್ಡರ್‌ಗೂ ಸರ್ಟಿಫಿಕೇಟ್ ಬೇಕು. ನಮ್ಮ ರಾಜ್ಯದಲ್ಲಿ ಇದನ್ನ ನೋಡಿಕೊಳ್ಳೋದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ.

ನಾಳೆ ಸೈಟಿಗೆ ಹೋಗೋರು ನೀವೇ. ಡಿಸ್‌ಪ್ಲೇ ನೋಡಿ ಸಹಿ ಹಾಕಬೇಡಿ. ಯಂತ್ರದ ಹಿಂದೆ ಹೋಗಿ ಕೇಳಿ: "ಸ್ವಾಮಿ, ಈ ನೀರು ಎಲ್ಲಿಗೆ ಹೋಗುತ್ತೆ?" ಉತ್ತರ ಸಿಗೋವರೆಗೂ ಪೆನ್ ತೆಗೀಬೇಡಿ.

ನಿಮ್ಮ ವರ್ಕ್‌ಶಾಪಲ್ಲಿ ಯಾರಾದ್ರೂ ಸ್ಟೀಮ್ ಟ್ರ್ಯಾಪ್ ಬಿಚ್ಚಿ ತೋರಿಸಿದ್ದಾರಾ? ಕಾಮೆಂಟಲ್ಲಿ ಹೇಳಿ.

#ಲಾಂಡ್ರಿಸರಣಿ #ಸ್ಟೀಮ್‌ಟ್ರ್ಯಾಪ್ #ಫಿಟ್ಟರ್ #ಕನ್ನಡದಲ್ಲಿತಂತ್ರಜ್ಞಾನ