ದಂಡ ಹಾಕೋರು ಯಾರು, ಚೀಟಿ ಯಾವ ಭಾಷೇಲಿ?

ಬೀದಿಗೆ ಕಸ ಎಸೆಯೋದು ತಪ್ಪು. ಅದಕ್ಕೆ ದಂಡ ಹಾಕಿದರೆ ನಮ್ಮ ತಕರಾರಿಲ್ಲ. ನಾವು ಕೇಳೋದು ಇಷ್ಟೇ: ದಂಡ ವಸೂಲಿಗೆ ಬಂದವನು ಪಾಲಿಕೆಯ ನೌಕರನೋ, ಗುತ್ತಿಗೆ ಕಂಪನಿಯವನೋ?

ಮುಂಬೈಯನ್ನೇ ನೋಡಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಹೋಗೋ ಊರು ಅದು. ಕಸ ಎಸೆದವರಿಗೆ, ಉಗುಳಿದವರಿಗೆ ದಂಡ ಹಾಕಲು ಅಲ್ಲಿನ ಪಾಲಿಕೆ 'ಕ್ಲೀನ್ ಅಪ್ ಮಾರ್ಷಲ್'ಗಳನ್ನು ಬೀದಿಗೆ ಬಿಟ್ಟಿತ್ತು. ಇವರು ಪಾಲಿಕೆ ನೌಕರರಲ್ಲ, ಖಾಸಗಿ ಏಜೆನ್ಸಿಗಳ ಮಂದಿ. ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕದವರಿಂದ 200 ರೂಪಾಯಿ ವಸೂಲಿ ಮಾಡಿದ್ದೂ ಇವರೇ. 2024ರ ಏಪ್ರಿಲ್‌ನಲ್ಲಿ ಈ ಕೆಲಸವನ್ನು ಮತ್ತೆ 12 ಏಜೆನ್ಸಿಗಳಿಗೆ ವಹಿಸಿದರು. ಬಂದ ದಂಡದಲ್ಲಿ ಅರ್ಧ ಪಾಲಿಕೆಗೆ, ಅರ್ಧ ಏಜೆನ್ಸಿಗೆ. ಸುಲಿಗೆ, ಕಿರುಕುಳದ ದೂರುಗಳು ಬಂದವು. ಒಂದೇ ವರ್ಷಕ್ಕೆ, 2025ರ ಏಪ್ರಿಲ್‌ನಲ್ಲಿ, ನಿಲ್ಲಿಸಿದರು.

ಇದು ಯಾರೋ ಒಬ್ಬ ಕೆಟ್ಟ ಮಾರ್ಷಲ್‌ನ ಕಥೆ ಅಲ್ಲ, ಲೆಕ್ಕವೇ ಹಾಗಿದೆ. ಬೀದಿ ಸ್ವಚ್ಛವಾದರೆ ಪಾಲಿಕೆಗೆ ಲಾಭ, ಏಜೆನ್ಸಿಗೆ ನಷ್ಟ. ದಂಡದಲ್ಲಿ ಪಾಲು ಇರೋನಿಗೆ ಕಸದ ತೊಟ್ಟಿ ಬೇಕಿಲ್ಲ, ತಪ್ಪು ಮಾಡೋ ಜನ ಬೇಕು.

ಹಾಗಾದರೆ ಅವನು ಹಿಡಿಯೋದು ಯಾರನ್ನ? ತಿರುಗಿ ವಾದ ಮಾಡಲು ಬಾರದವನನ್ನ. ಭಾಷೆಯ ಮಾತು ಬರೋದು ಇಲ್ಲೇ. ಚೀಟಿಯಲ್ಲಿ ಏನು ಬರೆದಿದೆ ಅಂತ ಓದಲಾಗದವನು ದಂಡ ಸರಿಯೋ ತಪ್ಪೋ ಅಂತ ಹೇಗೆ ಕೇಳಬೇಕು? ಸುಮ್ಮನೆ ದುಡ್ಡು ಕೊಟ್ಟು ಹೋಗ್ತಾನೆ.

ನಮ್ಮ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತೆ ಸಂವಿಧಾನದ 350ನೇ ವಿಧಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಮುಂದೆ ಹೋಗಿ, ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು ಅನ್ನುತ್ತೆ. ಆದರೆ ಬೀದಿಯಲ್ಲಿ ನಿಂತ ಗುತ್ತಿಗೆ ಹುಡುಗನನ್ನು ಕೇಳಿದರೆ, "ನಮ್ಮ ಗುತ್ತಿಗೇಲಿ ಅದಿಲ್ಲ" ಅಂದಾನು. ದಂಡ ಹಾಕೋ ಅಧಿಕಾರ ಕಂಪನಿಗೆ ಹೋಗಿ, ಕನ್ನಡದ ಹೊಣೆ ಮಾತ್ರ ಕಚೇರಿಯ ಕಡತದಲ್ಲೇ ಉಳಿದರೆ ಆ ಹಕ್ಕಿನಿಂದ ನಮಗೇನು ಬಂತು?

ಆದ್ದರಿಂದ ಗಡಿ ತಾಲ್ಲೂಕಿನ ಗೆಳೆಯರೇ, ನಿಮ್ಮ ಪುರಸಭೆಯಲ್ಲಿ ಇಂಥ ಟೆಂಡರ್ ಬಂತು ಅಂತ ಕಿವಿಗೆ ಬಿದ್ದ ಕೂಡಲೇ ಷರತ್ತುಗಳ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದರಲ್ಲಿ ನಾಲ್ಕು ಮಾತು ಇರಲೇಬೇಕು: ದಂಡದಲ್ಲಿ ಕಂಪನಿಗೆ ಪಾಲಿಲ್ಲ, ಗುರುತಿನ ಚೀಟಿ ಇಲ್ಲದೆ ದಂಡ ಇಲ್ಲ, ರಸೀದಿ, ಸೂಚನಾಫಲಕ ಕನ್ನಡದಲ್ಲೂ ಇರಬೇಕು, ಮೇಲ್ಮನವಿ ಕೇಳೋದು ಕಂಪನಿಯಲ್ಲ, ಪುರಸಭೆಯ ಅಧಿಕಾರಿ.

ಗುತ್ತಿಗೆಗೆ ಸಹಿ ಬಿದ್ದ ಮೇಲೆ ಕೂಗಾಡಿದರೆ ಕೇಳೋರಿಲ್ಲ. ಈಗಲೇ ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ. ಕಸವನ್ನು ತೊಟ್ಟಿಗೇ ಹಾಕಿ. ದಂಡ ಕಟ್ಟೋ ಪ್ರಸಂಗ ಬಂದರೆ ರಸೀದಿ ಓದಿ ಕಟ್ಟಿ.